ಕ್ಷಮೆಗೆ ಹತ್ತು ಅಂಕ

ಮೂವತ್ತೆರಡು ವರ್ಷ ಮಕ್ಕಳನ್ನು ಫೇಲು ಮಾಡಿದ ನಾನು ಮೊದಲ ಸಲ ಫೇಲಾದದ್ದು ರಿಟೈರಾದ ಮೇಲೆ, ಅದೂ ದೇವರ ಪಾಠದಲ್ಲಿ. ನನ್ನ ಹೆಂಡತಿ ಇದನ್ನು ಬೀದಿಗೆಲ್ಲ ಹೇಳಿಯಾಗಿದೆ. ನಿಮಗಾದರೂ ನಾನೇ ಹೇಳಿಬಿಡುತ್ತೇನೆ.

ನಮ್ಮ ಕ್ರೈಸ್ತ ಮನೆಗಳಲ್ಲಿ ಧರ್ಮೋಪದೇಶ ಎಂದರೆ ಸಿಡುಬಿನ ಲಸಿಕೆ ಇದ್ದಂತೆ. ಚಿಕ್ಕಂದಿನಲ್ಲಿ ಒಮ್ಮೆ ಹಾಕಿಸಿಕೊಂಡರೆ ಆಯಿತು, ಆಮೇಲೆ ಯಾರೂ ತೋಳು ಸರಿಸಿ ನೋಡುವುದಿಲ್ಲ. ನಾನೂ ಹನ್ನೆರಡನೆಯ ವಯಸ್ಸಿಗೆ ಜಪಗಳನ್ನೆಲ್ಲ ಗಡಗಡನೆ ಒಪ್ಪಿಸಿ, ಬಿಷಪ್ಪರಿಂದ ಹಣೆಗೆ ಎಣ್ಣೆ ಹಚ್ಚಿಸಿಕೊಂಡು, ಆ ವಿದ್ಯೆ ಮುಗಿಯಿತು ಅಂದುಕೊಂಡಿದ್ದೆ. ನಂಜನಗೂಡಿನ ನಮ್ಮ ಚರ್ಚಿನಲ್ಲಿ ಸಿಸ್ಟರೊಬ್ಬರು ಹಿರಿಯರಿಗೂ ಭಾನುವಾರದ ಪಾಠ ಶುರುಮಾಡಿದಾಗ ನಾನು ಹೋದದ್ದು ಕಲಿಯುವುದಕ್ಕಲ್ಲ. ಮೇಷ್ಟ್ರಾಗಿದ್ದವನಲ್ಲವೇ, ಕಲಿಸಲು ಕರೆದಾರು ಎಂಬ ಆಸೆಯಿಂದ.

ಸಿಸ್ಟರಿಗೆ ನನ್ನ ಮಗಳ ವಯಸ್ಸು. ಈಸ್ಟರಿಗೆ, ಅಂದರೆ ನಮ್ಮ ಪಾಸ್ಕ ಹಬ್ಬಕ್ಕೆ, ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಒಂದು ಪರೀಕ್ಷೆ ಇಟ್ಟರು. ಕೊನೆಯ ಪ್ರಶ್ನೆಗೆ ಹತ್ತು ಅಂಕ: ನೀವು ಯಾರಲ್ಲಾದರೂ ಕ್ಷಮೆ ಕೇಳಿದ ಸಂದರ್ಭವನ್ನು ಬರೆಯಿರಿ. ನಾನು ಕ್ಷಮೆಯ ವ್ಯಾಖ್ಯೆ, ವಿಧಗಳು, ಪ್ರಯೋಜನಗಳು ಎಂದು ಅಡಿಗೆರೆ ಎಳೆದು ಎರಡು ಪುಟ ತುಂಬಿಸಿದೆ. ಸೊನ್ನೆ ಬಂತು. ಅದರಿಂದಲೇ ಫೇಲು.

"ವ್ಯಾಖ್ಯೆ ಚೆನ್ನಾಗಿದೆ ಸಾರ್," ಎಂದರು ಸಿಸ್ಟರ್. "ಆದ್ರೆ ನಾನು ಕೇಳಿದ್ದು ಅದಲ್ವಲ್ಲ. ಪಾಸ್ಕ ಹಬ್ಬದೊಳಗೆ ಇನ್ನೊಂದ್ಸಲ ಬರ್ಕೊಡಿ."

ಬರೆಯೋಣವೆಂದರೆ ಸಂದರ್ಭವೇ ಇರಲಿಲ್ಲ. ಇದ್ದದ್ದು ಜಗಳ ಮಾತ್ರ. ಟಿ. ನರಸೀಪುರದಲ್ಲಿ ಸೈಕಲ್ ಶಾಪ್ ಇಟ್ಟಿರುವ ನಮ್ಮಣ್ಣ ಚೌರಪ್ಪ, ತನ್ನ ಮಗಳ ಮದುವೆ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಎಡ್. ಹಾಕಿಸಿರಲಿಲ್ಲ. ನಾನು ಊಟ ಮಾಡದೆ ಎದ್ದು ಬಂದೆ. ಆರು ವರ್ಷದಿಂದ ಮಾತಿಲ್ಲ. ಪಂಕ್ಚರ್ ಹಾಕಿ ಹಾಕಿ ನನ್ನನ್ನು ಅಷ್ಟು ಓದಿಸಿದವನೂ ಅವನೇ ಎಂಬುದನ್ನು ಈ ಕತೆ ಹೇಳುವಾಗಲೆಲ್ಲ ನಾನು ಬಿಟ್ಟುಬಿಡುತ್ತಿದ್ದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವನಲ್ಲಿ ಕ್ಷಮೆ ಕೇಳುವುದನ್ನು ಎಸ್.ಟಿ.ಡಿ. ಬೂತಿನಿಂದ ಫೋನಿನಲ್ಲೇ ಮುಗಿಸೋಣವೆಂದು ಎರಡು ಸಲ ಹೋದೆ. ಎರಡು ಸಲವೂ ಅವನು "ಅಲೋ" ಎಂದೊಡನೆ ಇಟ್ಟುಬಿಟ್ಟೆ. ಕೊನೆಗೆ ಒಂದು ಶನಿವಾರ ಬಸ್ಸು ಹತ್ತಿದೆ. ಸುತ್ತೂರು ದಾಟುವಷ್ಟರಲ್ಲಿ ಒಳ್ಳೆಯ ಪೀಠಿಕೆಯೊಂದು ಸಿದ್ಧವಾಗಿತ್ತು. ಅಂಗಡಿಯ ಮುಂದೆ ನಿಂತಾಗ ಅದರಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಅಣ್ಣ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಬಹಳ ಇಳಿದುಹೋಗಿದ್ದ. ನನಗೆ ಅಳು ಬಂತು.

"ಅಣ್ಣ, ತಪ್ಪಾಯ್ತು," ಎಂದೆ. ಮುಚ್ಚಿಡಲು ಮನಸ್ಸಾಗದೆ ಪರೀಕ್ಷೆಯ ವಿಷಯವನ್ನೂ ಹೇಳಿಬಿಟ್ಟೆ.

ಅವನು ಟ್ಯೂಬು ಕೆಳಗಿಟ್ಟ. "ಅಂಗಾರೆ ಮಾರ್ಕಿಗೆ ಬಂದಿದ್ದೀಯಾ?"

"ಬಸ್ ಹತ್ತುವಾಗ ಹೌದು."

"ಎಷ್ಟ್ಲಾ ಅದ್ಕೆ?"

"ಹತ್ತು."

ಅಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡ. "ಅದ್ರಲ್ಲಿ ಐದು ನಂದು ಕಣ್ಲಾ. ಆ ಡಿಗ್ರಿ ಬೇಕಂತ್ಲೇ ಬುಡ್ಸಿದ್ದೆ. ಓದ್ಸಿದ್ದು ನಾನು, ಎಸ್ರು ಮಾತ್ರ ನಿಂದು ಉದ್ದ ಇರದು ನೋಡಕ್ಕಾಗ್ನಿಲ್ಲ. ಬಾ, ಉಂಡ್ಕೊಂಡು ಓಗೀವಂತೆ."

ಪಾಸ್ಕ ಹಬ್ಬಕ್ಕೆ ಮುಂಚೆಯೇ ಉತ್ತರ ಬರೆದುಕೊಟ್ಟೆ. ಅರ್ಧ ಪುಟವೂ ಆಗಲಿಲ್ಲ. ಈಗಲೂ ಭಾನುವಾರ ತಪ್ಪದೆ ಪಾಠಕ್ಕೆ ಹೋಗುತ್ತೇನೆ. ನನಗಿನ್ನೂ ಏನೂ ಬರುವುದಿಲ್ಲವೆಂದು ತಿಳಿದು ಇಷ್ಟು ಸಂತೋಷ ಆದೀತೆಂದು ನಾನು ಎಣಿಸಿರಲಿಲ್ಲ.