ಆಮೆಯ ಉಸಿರು ಅಳೆದ ಅಣ್ಣ

ನಮ್ಮ ಟರ್ನರ್ ಅಣ್ಣನ ಅಂಗೈ ಗೆರೆಗಳಲ್ಲಿ ಎಣ್ಣೆಗಪ್ಪು ಇಳಿದು ಕೂತಿತ್ತು. ಸೋಪಿಗೂ ಜಗ್ಗದು, ಸೀಮೆಎಣ್ಣೆಗೂ ಜಗ್ಗದು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಲೇತ್ ಓಡಿಸುತ್ತಿದ್ದರು. ಅವರು ಕಡೆದ ಪಿನ್ನುಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಅಣ್ಣ ಗದಗಿನ ಕಡೆಯವರು. ಎಲ್ಲರಿಗೂ ಅಣ್ಣ. ಯಾರಾದರೂ "ಸರಿಯಾಗಿದೆ ಬಿಡಣ್ಣ" ಅಂದರೆ ಸಿಡುಕುತ್ತಿದ್ದರು: "ಬಿಡಾಕ ನೀ ಯಾರು? ಅಳದು ಹೇಳು."

ಆ ವರ್ಷ ನನಗೆ ಸಾಕುಸಾಕಾಗಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಲ್ಲಿ ಮುಗಿಯದ ಓವರ್‌ಟೈಮ್, ಸಾಲದ್ದಕ್ಕೆ ಮಗಳ ಆಮೆ. ಹಿಂದಿನ ಬಾಡಿಗೆಯವರು ಬಿಟ್ಟುಹೋಗಿದ್ದ ಆಮೆ ಅದು. ಅದಕ್ಕೆ ಸೊಪ್ಪು ತಿನ್ನಿಸದೆ ಮಗಳು ಊಟಕ್ಕೆ ಕೂರುತ್ತಿರಲಿಲ್ಲ. ಡಿಸೆಂಬರ್ ಚಳಿಗೆ ತಲೆ ಒಳಗೆಳೆದುಕೊಂಡದ್ದು ವಾರವಾದರೂ ಹೊರಗೆ ಹಾಕಲಿಲ್ಲ. ಮನೆ ಓನರಮ್ಮ ನೋಡಿ, "ಸತ್ತೋಗೈತೆ ಕಣಮ್ಮ. ನಾತ ಬರೋಕ್ ಮುಂಚೆ ಊತಾಕ್ಬಿಡು" ಅಂದರು. ಮಗಳು ಅದರ ಡಬ್ಬ ತಬ್ಬಿಕೊಂಡು ಅತ್ತಳೇ ಅತ್ತಳು. "ನಮ್ಮ ಫ್ಯಾಕ್ಟರಿ ಅಣ್ಣನಿಗೆ ತೋರಿಸ್ತೀನಿ, ಅವರು ಹೇಳಿದ್ರೆ ಒಪ್ಕೋತೀಯ ತಾನೆ?" ಎಂದು ಸಮಾಧಾನ ಮಾಡಿ, ಆಮೆಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಹೋದೆ.

ಅಣ್ಣ ಅದನ್ನು ನನ್ನ ಟೇಬಲ್ ಮೇಲಿಟ್ಟು, ಹಿಂಗಾಲಿನ ಪಕ್ಕದ ಮೆತ್ತನೆ ಚರ್ಮಕ್ಕೆ ಡಯಲ್ ಗೇಜಿನ ತುದಿ ತಾಗಿಸಿದರು. ಕೂದಲೆಳೆಯಷ್ಟು ಏರುಪೇರಾದರೂ ಅದರ ಮುಳ್ಳು ಅಲುಗುತ್ತದೆ. ಅಲುಗಿತು! ಸುತ್ತ ನಿಂತವರು "ಬದುಕೈತೆ ಗುರು!" ಎಂದು ಕೂಗಿದರು.

"ಏ, ಸುಮ್ನ ಇರ್ರಲೇ. ಇದು ಬಾಜೂ ಶೆಡ್ಡಿನ ಪ್ರೆಸ್ಸಿನ ಹೊಡ್ತ" ಅಂದರು ಅಣ್ಣ. ನಿಜ. ಪಕ್ಕದಲ್ಲಿ ತಗಡು ಕತ್ತರಿಸುವ ಪ್ರೆಸ್ ಧಡ್ ಅಂದಾಗಲೆಲ್ಲ ಮುಳ್ಳು ಕುಣಿಯುತ್ತಿತ್ತು.

ಊಟದ ಹೊತ್ತಿಗೆ ಎರಡೂ ಕಡೆಯ ಮಷಿನ್‌ಗಳು ನಿಂತವು. ಅಣ್ಣ ರೊಟ್ಟಿ ಗಂಟು ಬಿಚ್ಚದೆ ಗೇಜಿನ ಮುಂದೆ ಕೂತರು. ಈಗ ಮುಳ್ಳು ಅಲುಗಲೇ ಇಲ್ಲ. ಐದು ನಿಮಿಷ, ಹತ್ತು ನಿಮಿಷ.

"ಬಿಡಿ ಅಣ್ಣ, ಹೋಗಿದೆ. ಸಂಜೆ ಹೂತುಬಿಡ್ತೀನಿ" ಅಂದೆ.

ಅವರು ತಲೆ ಎತ್ತದೆ ಮೆಲ್ಲಗೆ ಕೇಳಿದರು: "ಸತ್ತದ ಅಂತ ಹೇಳಿಸ್ಕೊಳ್ಳಾಕ ತಂದೀಯೇನವ್ವಾ?"

ಸಿಕ್ಕಿಬಿದ್ದ ಹಾಗಾಯಿತು. ಹೌದು, ಅದಕ್ಕೇ ತಂದಿದ್ದೆ. ನೋಡಿಕೊಳ್ಳಬೇಕಾದ ಜೀವಗಳಲ್ಲಿ ಒಂದಾದರೂ ಕಮ್ಮಿಯಾಗಲಿ ಅನ್ನಿಸಿಬಿಟ್ಟಿತ್ತು, ನಾಚಿಕೆಗೇಡು. ಅಣ್ಣ ಬೈಯಲಿಲ್ಲ. "ದಣಿದೀ, ಗೊತ್ತದ. ಕುಂದ್ರು" ಅಂದರು.

ಊಟದ ಹೊತ್ತು ಮುಗಿಯುತ್ತಾ ಬಂದಾಗ ಮುಳ್ಳು ಒಂದು ಗೆರೆ ಸರಿದು, ನಿಧಾನವಾಗಿ ಹಿಂದಕ್ಕೆ ಬಂತು. ಎಷ್ಟೋ ಹೊತ್ತಿನ ಮೇಲೆ ಇನ್ನೊಮ್ಮೆ. "ಮಲಗ್ಯದ. ಎಬ್ಬಿಸಬ್ಯಾಡ" ಎಂದು ಕೈ ಒರೆಸಿಕೊಂಡು ಲೇತಿಗೆ ಹೋದರು. ಆವತ್ತು ಅವರು ಉಣ್ಣಲೇ ಇಲ್ಲ. ಸಂಜೆ ಆಮೆಯನ್ನು ಮತ್ತೆ ಅದರ ಡಬ್ಬದಲ್ಲಿಟ್ಟು, "ಮಲಗಿದೆಯಂತೆ, ಎಬ್ಬಿಸಬೇಡ" ಎಂದು ಮಗಳಿಗೆ ಹೇಳಿದೆ.

ಸಂಕ್ರಾಂತಿ ಕಳೆದು ಊರಿಗೆ ಹೋದ ಅಣ್ಣ ಎದೆನೋವು ಬಂದು ಅಲ್ಲೇ ತೀರಿಕೊಂಡರು. ಸುದ್ದಿ ಫೋನಿನಲ್ಲಿ ಬಂತು. ನನ್ನೊಳಗಿದ್ದದ್ದನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ.

ಶಿವರಾತ್ರಿಯ ಬಿಸಿಲಿಗೆ ಆಮೆ ತಲೆ ಹೊರಗೆ ಹಾಕಿತು. ಮಗಳು ಕುಣಿದಾಡಿ ನನ್ನ ಕೊರಳಿಗೆ ಜೋತುಬಿದ್ದಳು.

"ಬದುಕಿದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು ಅಲ್ವಾಮ್ಮ? ಅದಕ್ಕೇ ತಾನೆ ಹೂಳದೆ ಆ ಮಾಮನ ಹತ್ರ ತಗೊಂಡ್ಹೋಗಿದ್ದು?"

"ಹೂಂ ಕಣೇ" ಅಂದೆ. ಅದು ಸುಳ್ಳೆಂದು ಬಲ್ಲವರು ಒಬ್ಬರೇ ಇದ್ದರು. ಅವರೂ ಹೋಗಿದ್ದರು.