ಕೆಂಪು ಕೋಟು ಮತ್ತು ಗುಂಡಿನ ಮೂಲೆ

ಸವದತ್ತಿ ತಾಲೂಕಿನ ಶಾಲಾ ಕ್ರೀಡಾಕೂಟದಲ್ಲಿ ಗುಂಡು ಎಸೆತಕ್ಕೆ ಸಿಗುತ್ತಿದ್ದದ್ದು ಮೈದಾನದ ಕಟ್ಟಕಡೆಯ ಮೂಲೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಗುಂಡು ಯಾರ ತಲೆಯ ಮೇಲೂ ಬೀಳಬಾರದು. ಆದರೆ ಗುಂಡಿನ ಜೊತೆ ಅದರ ನಿರ್ಣಾಯಕನೂ ಮೂಲೆ ಸೇರುತ್ತಾನೆ ಎಂದು ಯಾರೂ ಯೋಚಿಸಿದಂತಿರಲಿಲ್ಲ. ನಾನು ಬೈಲಹೊಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಒಂದು ತಾಲೂಕಿನ ಮಾಸ್ತರರು ತಮ್ಮದೇ ಹುಡುಗರಿಗೆ ತೀರ್ಪು ಕೊಟ್ಟರೆ ಜಗಳ ಆಗುತ್ತದೆಂದು ನಮ್ಮೊಳಗೆ ಒಂದು ರೂಢಿ ಇತ್ತು. ಸವದತ್ತಿಯ ಕೂಟಕ್ಕೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದವರು ಹೋಗುವುದು, ನಮ್ಮ ಕೂಟಕ್ಕೆ ಅವರು ಬರುವುದು. ಬೀಗರನ್ನು ಕರೆದಂತೆ ಕರೆಯುತ್ತಿದ್ದರು, ಉಪ್ಪಿಟ್ಟು ಚಹಾ ಕೊಡುತ್ತಿದ್ದರು. ಅದಾದ ಮೇಲೆ ನನ್ನ ಕೈಗೆ ಒಂದು ಬಿಳಿ ಬಾವುಟ, ಒಂದು ಕೆಂಪು ಬಾವುಟ, ಒಂದು ಟೇಪು ಕೊಟ್ಟು ಮೂಲೆಗೆ ಅಟ್ಟುತ್ತಿದ್ದರು. ಬೆಳಿಗ್ಗೆ ಗುಂಡು, ಊಟವಾದ ಮೇಲೆ ಚಕ್ರ ಎಸೆತ. ತೊಂಬತ್ತರ ದಶಕವೆಲ್ಲ ನನಗೆ ಹೀಗೇ ಕಳೆಯಿತು.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಮೂಲೆಗಲ್ಲ. ಓಟದ ಗೆರೆಯ ಹತ್ತಿರ, ಪೆಂಡಾಲಿನ ಎದುರಿಗೆ ನಿಲ್ಲುತ್ತಿದ್ದ ಒಬ್ಬನ ಮೇಲೆ. ಅವನು ರಾಮದುರ್ಗದವನು. ಶಿಕ್ಷಕರ ತರಬೇತಿಯಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿದ್ದವರು, ಒಂದೇ ತಾಟಿನಲ್ಲಿ ರೊಟ್ಟಿ ಮುರಿದವರು. ಅಲ್ಲಿ ನನಗೆ ಅವನಿಗಿಂತ ಹೆಚ್ಚು ಅಂಕ ಬಂದಿದ್ದವು. ಆದರೆ ಅವನಿಗೆ ದನಿ ಇತ್ತು. ಅವನು ಸುಮ್ಮನೆ ಚಹಾ ಹೇಳಿದರೂ ಪಕ್ಕದ ಓಣಿಯವರು ತಿರುಗಿ ನೋಡುತ್ತಿದ್ದರು. ಹಾಗಾಗಿ ಮೊದಲ ವರ್ಷವೇ ಅವನನ್ನು ಓಟ ಬಿಡುವ ಸ್ಟಾರ್ಟರ್ ಮಾಡಿದರು. ಒಮ್ಮೆ ಮಾಡಿದ ಮೇಲೆ ಬದಲಾಯಿಸುವ ಚಾಳಿ ನಮ್ಮ ಕಡೆ ಇಲ್ಲ.

ಸ್ಟಾರ್ಟರ್ ಕೆಂಪು ಬಟ್ಟೆ ತೊಡಬೇಕೆಂದು ಎಲ್ಲೋ ಓದಿಕೊಂಡು ಅವನು ಒಂದು ಕೆಂಪು ಕೋಟು ಹೊಲಿಸಿಕೊಂಡ. ಬ್ಯಾಂಡ್ ಬಾರಿಸುವವನ ಹಾಗೆ ಕಾಣುತ್ತಾನೆ ಎಂದು ನಾನು ಎಲ್ಲರ ಮುಂದೆ ಆಡಿಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಕಾಣುತ್ತಿರಲಿಲ್ಲ, ಅದೇ ನನ್ನ ಸಂಕಟ. ಎರಡು ಹಲಗೆ ಜೋಡಿಸಿದ ಕ್ಲಾಪರನ್ನು ಅವನು ತಲೆಯ ಮೇಲೆತ್ತಿದರೆ ಇಡೀ ಮೈದಾನ ಉಸಿರು ಹಿಡಿಯುತ್ತಿತ್ತು. ಐಸ್‌ಕ್ಯಾಂಡಿ ಮಾರುವವನೂ ಗಂಟೆ ಬಾರಿಸುವುದನ್ನು ನಿಲ್ಲಿಸುತ್ತಿದ್ದ. ಹಲಗೆ ಫಟ್ಟೆಂದರೆ ಚೀರಾಟ, ಸೀಟಿ, ಚಪ್ಪಾಳೆ. ಶಾಸಕರು ಬಂದರೆ ಅವನ ಕೈ ಕುಲುಕುತ್ತಿದ್ದರು. ನನ್ನ ಮೂಲೆಗೆ ಬರುತ್ತಿದ್ದದ್ದು ಆಡುಗಳು.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದೆ. ಅವಳು ಜೋಳದ ಹಿಟ್ಟು ನಾದುತ್ತ ಕೇಳಿಸಿಕೊಂಡು, "ನಿಮ್ಮ ಸಿಟ್ಟ ಅವರ ಮ್ಯಾಲ ಐತೋ, ಕೋಟಿನ ಮ್ಯಾಲ ಐತೋ?" ಎಂದು ಒಮ್ಮೆ ಕೇಳಿದಳು. ಎರಡರ ಮೇಲೂ ಇತ್ತು. ಪ್ರತಿ ವರ್ಷ ಕೆಲಸ ಹಂಚುವಾಗ ಈ ಸಲವಾದರೂ ನನ್ನನ್ನು ಓಟಕ್ಕೆ ಹಾಕಿರಿ ಎಂದು ನಗುನಗುತ್ತಲೇ ಬೇಡುತ್ತಿದ್ದೆ. ಅವರೂ ನಗುನಗುತ್ತಲೇ, ಗುಂಡಿಗೆ ನಿಮ್ಮಂಥ ತಾಳ್ಮೆಯವರೇ ಬೇಕು ಅನ್ನುತ್ತಿದ್ದರು. ತಾಳ್ಮೆ ಎಂಬ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆ ಹುಡುಗಿ ಬಂದದ್ದು ಇಂಥ ದಿನಗಳಲ್ಲಿ. ಮನೋಳಿ ಕಡೆಯವಳು, ಟೆಂಪೋ ಓಡಿಸುವವನ ಮಗಳು. ಆಗ ಎಂಟನೆಯ ತರಗತಿ. ಸಲ್ವಾರಿನ ಮೇಲೆ ಅಪ್ಪನದೋ ಅಣ್ಣನದೋ ದೊಡ್ಡ ಅಂಗಿ ತೊಟ್ಟಿದ್ದಳು. ಹಳ್ಳಿಯ ಮಕ್ಕಳು ಸಾಮಾನ್ಯವಾಗಿ ಗುಂಡನ್ನು ಕಲ್ಲು ಒಗೆದಂತೆ ಒಗೆಯುತ್ತಾರೆ. ಇವಳು ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು, ಕಟ್ಟಿದ ಎಮ್ಮೆಯನ್ನು ಪಕ್ಕಕ್ಕೆ ದೂಡುವವರ ಹಾಗೆ ಸೊಂಟದಿಂದ ದೂಡಿದಳು. ಗುಂಡು ಉಳಿದವರದ್ದನ್ನೆಲ್ಲ ದಾಟಿ ಎರೆಮಣ್ಣಿನಲ್ಲಿ ಧಪ್ಪೆಂದು ಕೂತಿತು. ಬಿಳಿ ಬಾವುಟ ಎತ್ತಬೇಕೆನ್ನುವಷ್ಟರಲ್ಲಿ ಹುಡುಗಿ ಸುಣ್ಣದ ವೃತ್ತದ ಮುಂಭಾಗದಿಂದಲೇ ಹಾರಿ ಗುಂಡಿನ ಹಿಂದೆ ಓಡಿದಳು. ಎಸೆದವರು ವೃತ್ತದ ಹಿಂಬದಿಯಿಂದಲೇ ಹೊರಬರಬೇಕು. ಮುಂದಿನಿಂದ ಬಂದರೆ ಎಸೆತ ಲೆಕ್ಕಕ್ಕಿಲ್ಲ. ಕೆಂಪು ಬಾವುಟ ಎತ್ತಿದೆ. ಉಳಿದ ಎಸೆತಗಳಲ್ಲೂ ಅವಳು ಹಾಗೆಯೇ ಓಡಿದಳು, ನಾನು ಹಾಗೆಯೇ ಎತ್ತಿದೆ. ಯಾಕವ್ವಾ ಹಿಂಗ ಓಡತಿ ಎಂದು ಕೇಳಿದ್ದಕ್ಕೆ, ಎಲ್ಲಿ ಬಿತ್ತೆಂದು ನೋಡಬೇಕಲ್ಲ ಅಂದಳು. ಬಹುಮಾನ ಬೇರೆಯವಳಿಗೆ ಹೋಯಿತು.

ಮುಂದಿನ ವರ್ಷ ಆಟ ಶುರುವಾಗುವ ಮೊದಲೇ ಅವಳಿಗೆ ಹೇಳಿದೆ. ಗುಂಡು ಬಿಟ್ಟ ಮೇಲೆ ಅಲ್ಲೇ ನಿಲ್ಲು, ನಾನು ಬಾ ಅಂದಾಗ ಹಿಂದಿನಿಂದ ಬಾ, ನೀನು ಹೋಗಿ ನೋಡುವ ತನಕ ಗುಂಡು ಬಿದ್ದ ಕುಳಿ ಮುಚ್ಚಿಸುವುದಿಲ್ಲ ಎಂದು. ಹಾಗೆ ಹೇಳುವುದು ನಿರ್ಣಾಯಕನ ಕೆಲಸ ಹೌದೋ ಅಲ್ಲವೋ, ಎಲ್ಲ ಮಕ್ಕಳಿಗೂ ಹೇಳಿದೆ. ಆದರೆ ಅದನ್ನು ಪಾಲಿಸಿದವಳು ಇವಳೇ. ಗುಂಡು ಬಿಟ್ಟು, ತುಟಿ ಕಚ್ಚಿಕೊಂಡು, ಕಾಲಿಗೆ ಮೊಳೆ ಹೊಡೆದಂತೆ ನಿಲ್ಲುತ್ತಿದ್ದಳು. ನಾನು "ಬಾ" ಎಂದ ಕೂಡಲೇ ಹಿಂದಿನಿಂದ ಸುತ್ತು ಹಾಕಿ ಓಡಿಹೋಗಿ ಆ ಕುಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಕೈ ಹಾಕಿ ನೋಡುತ್ತಿದ್ದಳು. ಆ ವರ್ಷ ಗೆದ್ದಳು. ಅವಳ ಅಪ್ಪ ಟೆಂಪೋ ನಿಲ್ಲಿಸಿ ಬಂದು ನನಗೆ ಸಲಾಮು ಮಾಡಿ, ನಿಮ್ಮ ಕೈಗುಣ ಸರ ಅಂದ. ನಾನೇನೂ ಕಲಿಸಿರಲಿಲ್ಲ. ಆದರೂ ಆ ಮಾತನ್ನು ಬೇಡ ಅನ್ನಲಿಲ್ಲ.

ಇಷ್ಟಾದರೂ ಕೋಟಿನ ಆಸೆ ಹೋಗಲಿಲ್ಲ. ಅವಳು ಹತ್ತನೆಯ ತರಗತಿಗೆ ಬಂದ ವರ್ಷ, ಕೂಟದ ದಿನ ಬೆಳಿಗ್ಗೆ ರಾಮದುರ್ಗದ ಗೆಳೆಯ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಸ್ಸಿನಿಂದ ಇಳಿದ. ಹಿಂದಿನ ದಿನ ಇನ್ನೊಂದು ಊರಿನ ಕೂಟದಲ್ಲಿ ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿತ್ತು. ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದ. "ದೋಸ್ತ, ನನ್ನ ದನಿ ಹೋಗೇತಿ. ಇವತ್ತ ಕೋಟ ನೀ ಹಾಕ್ಕೊ. ನಾ ನಿನ್ನ ಗುಂಡಿಗಿ ಹೋಗತೇನಿ, ಅಲ್ಲಿ ಬಾವುಟ ಎತ್ತಿದ್ರ ಸಾಕಲ್ಲ."

ಬಾವುಟ ಎತ್ತಿದರೆ ಸಾಕಲ್ಲ! ಬೇರೆ ದಿನವಾಗಿದ್ದರೆ ಆ ಮಾತಿಗೇ ಜಗಳ ಆಗುತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ಕೈ ಆಗಲೇ ಕೋಟಿನ ತೋಳಿನೊಳಗಿತ್ತು. ಅವನದು ದೊಡ್ಡ ಆಳು, ತೋಳು ನನ್ನ ಬೆರಳು ಮುಚ್ಚುತ್ತಿತ್ತು, ಮಡಚಿಕೊಂಡೆ. ಅವನಿಗೆ ಟೇಪು, ಬಾವುಟ ಕೊಟ್ಟೆ. ಹುಡುಗಿಯ ಬಗ್ಗೆ ಏನೂ ಹೇಳಲಿಲ್ಲ. ಆ ಕ್ಷಣಕ್ಕೆ ಅವಳು ನನ್ನ ನೆನಪಿನಲ್ಲೇ ಇರಲಿಲ್ಲ.

ಮೊದಲ ಎರಡು ಓಟಗಳಲ್ಲಿ ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಾನು ಕೈ ಎತ್ತಿದರೆ ಮೈದಾನ ಗಪ್ಪಾಗುತ್ತಿತ್ತು. ಪೆಂಡಾಲಿನಲ್ಲಿ ಕೂತವರು ನನ್ನನ್ನೇ ನೋಡುತ್ತಿದ್ದರು. ಮೂರನೆಯ ಓಟಕ್ಕೆ ಹುಡುಗರು ಗೆರೆಯ ಮೇಲೆ ಬಾಗಿದ್ದರು. "ಸೆಟ್" ಅಂದೆ. ಎಲ್ಲರ ಬೆನ್ನು ಮೇಲೆದ್ದಿತು. ಅಷ್ಟರಲ್ಲಿ ದೂರದ ಮೂಲೆಯಿಂದ ಒಂದು ಗದ್ದಲ ಕೇಳಿಸಿ ಕಣ್ಣು ಅತ್ತ ಹೋಯಿತು. ಆ ಮೂಲೆಯಿಂದ ಅಂಥ ಗದ್ದಲ ಅಷ್ಟು ವರ್ಷಗಳಲ್ಲಿ ಎಂದೂ ಎದ್ದಿರಲಿಲ್ಲ. ಬಿಳಿ ಬಾವುಟ ಮೇಲಿತ್ತು. ಮಕ್ಕಳೆಲ್ಲ ಎಲ್ಲೋ ಬಹಳ ಆಚೆ, ಕಂಪೌಂಡಿನ ಹತ್ತಿರ ಓಡುತ್ತಿದ್ದರು. ವೃತ್ತದೊಳಗೆ ದೊಡ್ಡ ಅಂಗಿಯ ಹುಡುಗಿ ಒಬ್ಬಳೇ ನಿಂತಿದ್ದಳು.

ನಿಂತೇ ಇದ್ದಳು. ಗೆಳೆಯ ಟೇಪು ಎಳೆಸುತ್ತಿದ್ದ, ಅವಳ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೂ ಬಾ ಅನ್ನಲು ಅವನಿಗೆ ದನಿ ಎಲ್ಲಿತ್ತು. ಬಾ ಎಂದು ನಾನೇ ಕೂಗಬೇಕೆನಿಸಿತು. ನನ್ನ ಕೈ ಕ್ಲಾಪರ್ ಹಿಡಿದು ಗಾಳಿಯಲ್ಲಿತ್ತು, ಕಾಲ ಬಳಿ ಸಾಲು ಹುಡುಗರು ಸೊಂಟ ಎತ್ತಿಕೊಂಡು ನಡುಗುತ್ತಿದ್ದರು. ಒಬ್ಬ ತಡೆಯಲಾಗದೆ ಜಿಗಿದ, ಅವನ ಹಿಂದೆ ಎಲ್ಲರೂ ಓಡಿಬಿಟ್ಟರು. ಪೆಂಡಾಲು ಗೊಳ್ಳೆಂದು ನಕ್ಕಿತು. ಮೈಕಿನವನು ಸ್ಟಾರ್ಟರ್ ಸಾಹೇಬರು ಗುಂಡು ನೋಡಾಕ ಹತ್ಯಾರ ಎಂದು ಗೇಲಿ ಮಾಡಿದ. ಎಲ್ಲರನ್ನೂ ಮರಳಿ ಗೆರೆಗೆ ತರುವುದರೊಳಗೆ ಅಲ್ಲಿ ಮುಂದಿನ ಹುಡುಗಿ ಗುಂಡು ಹಿಡಿದು ನಿಂತಿದ್ದಳು.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಹೇಳಿದರು. ತಾಲೂಕಿನಲ್ಲಿ ಇದುವರೆಗೆ ಯಾವ ಹುಡುಗಿಯೂ ಎಸೆಯದಷ್ಟು ದೂರ ಎಂದು. ಉಳಿದ ಓಟಗಳನ್ನು ಹೇಗೆ ಬಿಟ್ಟೆನೋ ನೆನಪಿಲ್ಲ. ಆ ದಿನ ಮೂಲೆಯಲ್ಲಿದ್ದವನನ್ನು ನೆನೆದು ಹೊಟ್ಟೆಯಲ್ಲಿ ಎದ್ದ ಉರಿಯ ಮುಂದೆ, ಅಷ್ಟು ವರ್ಷ ಕೋಟಿಗಾಗಿ ಪಟ್ಟ ಹೊಟ್ಟೆಕಿಚ್ಚು ಏನೇನೂ ಅಲ್ಲ. ದನಿ ಅವನದು, ಕೋಟು ಅವನದು. ಕೊನೆಗೆ ನನ್ನದೆಂದು ಇದ್ದ ಒಂದೇ ಒಂದು ಎಸೆತವೂ ಅವನ ಪಾಲಿಗೇ ಹೋಯಿತು.

ಊಟದ ಬಿಡುವಿನಲ್ಲಿ ಕೋಟು ತೊಟ್ಟುಕೊಂಡೇ ಅಲ್ಲಿಗೆ ಓಡಿದೆ. ನೆಲ ಸಪಾಟಾಗಿತ್ತು. ಅಳತೆ ಮುಗಿದ ಮೇಲೆ ಕುಳಿ ಮುಚ್ಚುವುದು ಪದ್ಧತಿಯೇ. ಗೆಳೆಯ ಬುತ್ತಿ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ಕೂತಿದ್ದ. ಎಲ್ಲಿ ಬಿತ್ತೆಂದು ಕೇಳಿದೆ. ಅವನು ರೊಟ್ಟಿ ಹಿಡಿದ ಕೈಯಿಂದಲೇ ಗಾಳಿಯಲ್ಲಿ ಒಂದು ಸುತ್ತು ಎಳೆದ.

"ಇಲ್ಲೇ ಎಲ್ಲೋ ಬಿತ್ತಪಾ," ಎಂದು ಪಿಸುಗುಟ್ಟಿದ.

ಹುಡುಗಿ ನೀರು ಕುಡಿಯಲು ಬಂದವಳು ನನ್ನನ್ನು ನೋಡಿ ನಿಂತಳು. ಕೋಟನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಸರ, ಈ ಸಲ ನೀವು ಬಂದಿಲ್ಲಂತ ತಿಳದಿದ್ನಿರಿ," ಅಂದಳು. ಬೆಳಗಿನಿಂದ ಇಡೀ ಮೈದಾನ ನನ್ನನ್ನು ನೋಡಿತ್ತು, ಮೈಕಿನವನು ಸ್ಟಾರ್ಟರ್ ಸಾಹೇಬರು ಎಂದು ಕೂಗಿದ್ದ. ಅವಳ ಲೆಕ್ಕದಲ್ಲಿ ನಾನು ಬಂದೇ ಇರಲಿಲ್ಲ.

ಕುಳಿ ನೋಡಿದೆಯಾ ಎಂದು ಕೇಳಿದೆ.

"ಇಲ್ರಿ ಸರ. ಯಾರೂ ಬಾ ಅನ್ನಲಿಲ್ಲ, ಅಲ್ಲೇ ನಿಂತಿದ್ನಿ. ಬರೂದ್ರಾಗ ಮಣ್ಣ ಎಳದಬಿಟ್ಟಿದ್ರು."

ಗೆಳೆಯನೂ ನಾನೂ ಈಗ ನಿವೃತ್ತರು. ಕೋಟಿನ ಮಾತು ನಮ್ಮಿಬ್ಬರ ನಡುವೆ ಬರುವುದಿಲ್ಲ. ರಾಮದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮೊನ್ನೆ ಸಿಕ್ಕಾಗ ಆ ಗುಂಡು ಎಲ್ಲಿ ಬಿತ್ತೆಂದು ಮತ್ತೆ ಕೇಳಿದೆ. ಅವನ ದನಿ ಈಗಲೂ ಹಾಗೆಯೇ ಇದೆ, ಬಸ್ಸು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾವ ಗುಂಡು ಎಂದು ಕೇಳಿದ.