ಗೌರಿ ಹಬ್ಬಕ್ಕೆ ಸಾರಿಸಿದ ಗೋಡೆ

ನಿನ್ನೆ ನಮ್ಮ ಬೀದಿಗೆ ಸೊಳ್ಳೆ ಔಷಧಿ ಹೊಡೆಯುವವನು ಬಂದಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಭೀಮನಬೀಡಿನ ನಮ್ಮ ಮಣ್ಣಿನ ಮನೆಯಲ್ಲಿದ್ದೆ.

ನಾನಾಗ ಚಿಕ್ಕ ಹುಡುಗಿ; ಊರಲ್ಲೆಲ್ಲ ಮಲೇರಿಯಾ. ಪಂಪು ಹೊತ್ತು ಬಂದವರು ಗೋಡೆಗೆಲ್ಲ ಡಿಡಿಟಿ ಹೊಡೆದು, "ಮೂರು ತಿಂಗ್ಳು ಗೋಡೆ ಸಾರಿಸ್ಬೇಡಿ ಕಣವ್ವಾ. ಸೊಳ್ಳೆ ಇದ್ರ ಮ್ಯಾಲೆ ಕೂತ್ರೇನೇ ಸಾಯೋದು" ಎಂದು ಅವ್ವನಿಗೆ ಹೇಳಿ ಹೋದರು. ಒಣಗಿದ ಮೇಲೆ ಗೋಡೆಯ ತುಂಬ ಬಿಳಿ ಬಿಳಿ ಕಲೆ.

ಮೂರು ತಿಂಗಳು ತುಂಬುವ ಮೊದಲೇ ಗೌರಿ ಹಬ್ಬ ಬಂತು. ಅವ್ವನಿಗೆ ತಡೆಯಲಾಗಲಿಲ್ಲ.

"ಇಂಥ ಗೋಡೆ ಮುಂದೆ ಗೌರಮ್ಮನ್ನ ಹೆಂಗೆ ಕೂರ್ಸನ? ಬಾ ಕಣಮ್ಮಿ, ಸಾರಿಸ್ಬುಡನ."

ಅವಳು ಮೇಲೆ, ನಾನು ಕೆಳಗೆ. ಕೆಮ್ಮಣ್ಣಿಗೆ ಸಗಣಿ ಕಲಸಿ, ಒಂದು ಚುಕ್ಕೆ ಬಿಳುಪೂ ಕಾಣದಂತೆ ಬಳಿದೆವು. ನನ್ನ ತಂಗಿ ಪುಟ್ಟಿ ಆ ಗೋಡೆಗೆ ಅಂಟಿಕೊಂಡೇ ಮಲಗುತ್ತಿದ್ದಳು.

ದೀಪಾವಳಿಗೆ ಮೊದಲೇ ಚಳಿಜ್ವರ ಬಂದು ಪುಟ್ಟಿ ತೀರಿಕೊಂಡಳು.

ಮುಂದಿನ ಸಲ ಪಂಪಿನವರು ಬಂದಾಗ ಅವ್ವ ಪಾತ್ರೆಗಳನ್ನೆಲ್ಲ ತಾನೇ ಹೊರಗೆ ಸಾಗಿಸಿದಳು. ಅವರು ಮುಗಿಸಿ ಹೊರಟಾಗ ಪುಟ್ಟಿ ಮಲಗುತ್ತಿದ್ದ ಮೂಲೆ ತೋರಿಸಿ, "ಇಲ್ಲಿ ಇನ್ನೊಂಚೂರು ಹೊಡಿಯಪ್ಪಾ" ಎಂದಳು. ಆಮೇಲೆ ಆ ಗೋಡೆಯನ್ನು ಯಾವ ಹಬ್ಬಕ್ಕೂ ಸಾರಿಸಲಿಲ್ಲ.

ನಿನ್ನೆ ಬಂದವನು ನಮ್ಮ ಮನೆಯೊಳಗೂ ಹೊಡೆದು, "ಸಾಕಾ ಅಜ್ಜಿ?" ಎಂದು ಕೇಳಿದ.

"ಆ ಮೂಲೆಗೆ ಇನ್ನೊಂಚೂರು ಹೊಡಿಯಪ್ಪಾ" ಎಂದೆ.